ಇನ್ನೊಬ್ಬಳ ಪಥ್ಯ

ದೊಡ್ಡ ಡಾಕ್ಟರು ತಮ್ಮ ಸರ್ಟಿಫಿಕೇಟು ಬರೆದು ಮುಗಿಸಿದ್ದರು. ನನ್ನದೊಂದು ಆಗಿಬಿಟ್ಟರೆ ಆ ಹೆಂಗಸನ್ನು ಮದರಾಸಿನ ಹುಚ್ಚಾಸ್ಪತ್ರೆಗೆ ಕಳಿಸಬಹುದಿತ್ತು. ಆಗಿನ ಕಾಯಿದೆ ಹಾಗಿತ್ತು. ಇಬ್ಬರು ವೈದ್ಯರು ಬೇರೆ ಬೇರೆಯಾಗಿ ನೋಡಿ, ಇವಳ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದುಕೊಡಬೇಕು. ಮ್ಯಾಜಿಸ್ಟ್ರೇಟರು ಅದನ್ನು ನೋಡಿ ಅಪ್ಪಣೆ ಕೊಡಬೇಕು. ಆಮೇಲೆ ಪೊಲೀಸಿನವರ ಜೊತೆ ರೈಲು. ಹಾಗೆ ಹೋದವರಲ್ಲಿ ತಿರುಗಿ ಬಂದವರನ್ನು ನಾನಂತೂ ನೋಡಿರಲಿಲ್ಲ.

ಮಹಾಯುದ್ಧ ಇನ್ನೂ ನಡೆದಿತ್ತು. ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ನನ್ನದು. ಮೇಲಿನವರು ದೊಡ್ಡ ಡಾಕ್ಟರು, ಮಧುರೆಯ ಕಡೆಯವರು; ಒಳ್ಳೆಯ ಮನುಷ್ಯ, ಆದರೆ ಯಾವುದನ್ನೂ ಎರಡು ಸಲ ನೋಡುವ ಜಾಯಮಾನ ಅವರದಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ "ಇಲ್ಲೊಂದು ಸಹಿ ಹಾಕಮ್ಮಾ" ಎಂದರೆ ಸಾಕು, ಕೈ ತಾನಾಗಿಯೇ ಹಿಂದಕ್ಕೆ ಹೋಗುತ್ತಿತ್ತು.

ಆಕೆಯನ್ನು ಗುಮ್ಮಳಾಪುರದ ಕಡೆಯ ಒಂದು ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಕರೆತಂದಿದ್ದರು. ಜೊತೆಗೆ ಗಂಡ, ಅತ್ತೆ, ಅತ್ತೆಯ ಕಂಕುಳಲ್ಲಿ ಒಂದು ಹೆಣ್ಣು ಮಗು. ಮಗು ಗುಂಡುಗುಂಡಾಗಿತ್ತು, ಕೈಯಲ್ಲೊಂದು ಕಡಲೆಕಾಯಿ ಹಿಡಿದು ಚೀಪುತ್ತಿತ್ತು. ತಾಯಿ ಮಾತ್ರ ಬೆಂಚಿನ ಮೇಲೆ ಕೂರಿಸಿದ ಹಾಗೆ ಕೂತಿದ್ದಳು. ಇನ್ನೂ ಇಪ್ಪತ್ತೈದು ದಾಟದ ಹೆಂಗಸು. ಮಗು "ಅವ್ವಾ" ಎಂದು ಕೈ ಚಾಚಿದರೆ ಅತ್ತ ನೋಡಲೂ ಇಲ್ಲ.

"ಹಿಂಗೇ ಕುಂತಿರ್ತಾಳೆ ಡಾಕ್ಟ್ರಮ್ಮಾ," ಎಂದಳು ಅತ್ತೆ. "ಮಾತಿಲ್ಲ, ಕತೆಯಿಲ್ಲ. ಹೋದ ವರ್ಸ ನೋಡಬೇಕಿತ್ತು ಇವಳ್ನ. ನಾನೊಂದಂದ್ರೆ ತಾನು ಹತ್ತನ್ನೋಳು. ಈಗ ಬೈದ್ರೂ ಅಷ್ಟೇ, ಬೇಡಿಕೊಂಡ್ರೂ ಅಷ್ಟೇ."

ಗಂಡ ತಲೆ ತಗ್ಗಿಸಿ ಹೇಳಿದ: "ಬಾವಿ ತಾವ ಹೋಗಿ ನಿಂತ್ಕಂತಾಳೆ ಅಮ್ಮಾ. ಎಷ್ಟೊತ್ತು ಅಂತ ಕಾಯನ? ಹೊಲಕ್ಕೋದ್ರೂ ಜೀವ ಮನೆ ಕಡೆನೇ ಇರ್ತದೆ. ಮದರಾಸಲ್ಲಾದ್ರೆ ಸುತ್ತ ಗೋಡೆ ಇರ್ತದಂತಲ್ಲ. ಬದುಕಾದ್ರೂ ಬದುಕಿರ್ತಾಳೆ."

ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ನಾಲ್ಕು ಬೈದು ಕಳಿಸುತ್ತಿದ್ದೆ. ಇವರು ಹೆದರಿದವರು. ದೇವರು ದಿಂಡರು, ಜವಳಗಿರಿಯ ಮಂತ್ರವಾದಿ ಎಲ್ಲ ಮುಗಿಸಿಕೊಂಡು ಬಂದಿದ್ದರು. ನೆಂಟರು ಆಗಲೇ ಇನ್ನೊಂದು ಹೆಣ್ಣಿನ ಮಾತು ಎತ್ತಿದ್ದಾರೆ ಎಂದು ಅತ್ತೆಯೇ ಬಾಯಿ ಬಿಟ್ಟಳು. ಅಂದರೆ ಇವಳು ರೈಲು ಹತ್ತಿದರೆ ಇವಳ ಜಾಗ ಖಾಲಿ ಉಳಿಯುವುದಿಲ್ಲ. ಮಗುವಿಗೆ ತಾಯಿಯ ನೆನಪು ಕೂಡ ಇರುವುದಿಲ್ಲ.

ನಾನು ದೊಡ್ಡ ಡಾಕ್ಟರ ಕೋಣೆಗೆ ಹೋಗಿ, "ಮ್ಯಾಜಿಸ್ಟ್ರೇಟರು ಮುಂದಿನ ಸಲ ಕೂರುವವರೆಗೆ ವಾರ್ಡಿನಲ್ಲಿ ಇಟ್ಟುಕೊಂಡು ನೋಡುತ್ತೇನೆ," ಎಂದೆ.

ಅವರು ಕನ್ನಡಕ ಒರೆಸುತ್ತಾ, "ಅದರಲ್ಲಿ ನೋಡುವುದೇನಿದೆಯಮ್ಮಾ? ಮೆಲಂಕೋಲಿಯಾ, ವಿಷಾದದ ಹುಚ್ಚು. ಪುಸ್ತಕದಲ್ಲಿ ಇರುವ ಹಾಗೇ ಇದೆ," ಎಂದರು.

"ಪುಸ್ತಕದಲ್ಲಿ ಇರುವ ಹಾಗಿದ್ದರೆ ರೋಗ ಎಲ್ಲೂ ಓಡಿ ಹೋಗುವುದಿಲ್ಲ ಸಾರ್, ಇರಲಿ."

ನಕ್ಕು ಒಪ್ಪಿದರು. ಅತ್ತೆ ಮಗುವನ್ನು ಕಟ್ಟಿಕೊಂಡು ವಾರ್ಡಿನ ವರಾಂಡದಲ್ಲೇ ಒಲೆ ಹೂಡಿದಳು.

ಮೊದಲು ಮಾಡುವುದನ್ನೆಲ್ಲ ಮಾಡಿದೆ. ರಕ್ತ ಕಡಿಮೆಯಿತ್ತು, ಆದರೆ ನಮ್ಮ ಕಡೆ ಯಾವ ಹೆಂಗಸಿಗೆ ಸಾಕಷ್ಟಿತ್ತು? ಗಂಟಲಿನ ಗ್ರಂಥಿ ನೋಡಿದೆ, ಸರಿ ಇತ್ತು. ನಾಲಿಗೆ ಮಾತ್ರ ನುಣ್ಣಗೆ, ಕೆಂಪಗೆ. ತುಟಿಯ ಅಂಚುಗಳು ಒಡೆದಿದ್ದವು. ಅನ್ನಾಂಗದ, ಅಂದರೆ ವಿಟಮಿನ್ನಿನ, ಕೊರತೆ ಎಂದುಕೊಂಡು ಈಸ್ಟ್ ಮಾತ್ರೆ ಕೊಡೋಣವೆಂದರೆ ಉಗ್ರಾಣದಲ್ಲಿ ಇಲ್ಲ, ಎಲ್ಲ ಸೈನ್ಯಕ್ಕೆ. ಕಬ್ಬಿಣದ ಟಾನಿಕ್ ಇತ್ತು, ಕೊಟ್ಟೆ. ಕುಡಿದಳು. ಮೊದಲು ಹೇಗಿದ್ದಳೋ ಹಾಗೆಯೇ ಇದ್ದಳು.

ಇನ್ನು ಉಳಿದದ್ದು ಮಲಪರೀಕ್ಷೆ. ನಮ್ಮಲ್ಲಿ ಅದಕ್ಕೆಂದು ಬೇರೆ ಆಳಿರಲಿಲ್ಲ, ನಾನೇ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಇಟ್ಟುಕೊಂಡು ನೋಡಬೇಕು. ಕೊಕ್ಕೆಹುಳುವಿನ ಮೊಟ್ಟೆ ಇಲ್ಲ, ಅಮೀಬ ಇಲ್ಲ. ಅಲ್ಲಿಗೆ ಗಾಜನ್ನು ತೊಳೆದಿಡಬೇಕಿತ್ತು. ಆದರೆ ಏನೋ ಬೋಳು ಬೋಳಾಗಿ ಕಂಡಿತು. ಇನ್ನೊಂದು ಗಾಜಿನ ಮೇಲೆ ತೆಳ್ಳಗೆ ಸವರಿ, ದೀಪದ ಮೇಲೆ ಹಾಯಿಸಿ ಒಣಗಿಸಿ, ನೇರಳೆ ಬಣ್ಣ, ಅಯೋಡಿನ್, ಸ್ಪಿರಿಟ್, ಕೊನೆಗೆ ಕೆಂಪು ಬಣ್ಣ ಹೀಗೆ ಒಂದೊಂದಾಗಿ ಹಾಕಿ ತೊಳೆದು ನೋಡಿದೆ. ಹೀಗೆ ಬಣ್ಣ ಹಾಕಿದರೆ ಯಾರ ಹೊಟ್ಟೆಯದಾದರೂ ಸರಿ, ನೇರಳೆ ಕಡ್ಡಿ, ಕೆಂಪು ಕಡ್ಡಿ, ಸಣ್ಣ ಸಣ್ಣ ಚುಕ್ಕಿ, ಕಾಲಿಡಲು ಜಾಗವಿಲ್ಲದಷ್ಟು ಕ್ರಿಮಿಗಳು ಕಾಣುತ್ತವೆ. ಅವು ರೋಗದವಲ್ಲ, ಹೊಟ್ಟೆಯಲ್ಲೇ ಸಂಸಾರ ಹೂಡಿಕೊಂಡಿರುವಂಥವು. ಇವಳ ಗಾಜು ಮಾತ್ರ ಸಂತೆ ಮುಗಿದ ಮಾರನೆಯ ದಿನದ ಬಯಲಿನಂತಿತ್ತು. ಅಲ್ಲೊಂದು ಇಲ್ಲೊಂದು, ಅದೂ ಹೆಚ್ಚುಕಡಿಮೆ ಒಂದೇ ಜಾತಿಯವು.

ಬಣ್ಣ ಹಾಕುವಾಗ ನಾನೇ ತಪ್ಪಿದೆನೋ ಏನೋ ಎಂಬ ಅನುಮಾನ ಬಂತು. ಹೋಲಿಸಿ ನೋಡಲು ಅದೇ ಮನೆಯ, ಅದೇ ಬಾವಿಯ ನೀರು ಕುಡಿಯುವ ಇನ್ನೊಬ್ಬರದು ಬೇಕಿತ್ತು. ಅತ್ತೆಯನ್ನು ಕರೆದು ಡಬ್ಬಿ ಕೊಟ್ಟೆ.

"ಅಯ್ಯೋ ಸಿವನೇ! ನಂಗೇನ್ ಬಂದೈತೆ ರೋಗ? ಹುಚ್ಚು ಅವಳ್ಗಾದ್ರೆ ನನ್ನ ಕಕ್ಕಸು ಯಾಕ್ರಮ್ಮಾ ನೋಡ್ತೀರ?"

"ನಿನಗೆ ಏನೂ ಬಂದಿಲ್ಲ ಅಂತಲೇ ಕೇಳ್ತಾ ಇರೋದು. ಗಟ್ಟಿಮುಟ್ಟಾಗಿದೀಯಲ್ಲ, ನಿನ್ನ ಹೊಟ್ಟೆ ಹೇಗಿದೆ ನೋಡೋಣ."

ಗಟ್ಟಿಮುಟ್ಟು ಎಂದಿದ್ದಕ್ಕೆ ಒಳಗೊಳಗೇ ಹಿಗ್ಗಿರಬೇಕು, ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಹೋದಳು. ಅವಳ ಗಾಜು ನೋಡಿದರೆ ತುಂಬಿ ತುಳುಕುತ್ತಿತ್ತು. ಒಂದೇ ಮನೆ, ಒಂದೇ ಬಾವಿ, ಎರಡು ಹೊಟ್ಟೆಗಳು ಮಾತ್ರ ಬೇರೆ ಬೇರೆ ದೇಶ. ಹಾಗಾದರೆ ತಟ್ಟೆಯಲ್ಲೇ ಏನೋ ವ್ಯತ್ಯಾಸವಿರಬೇಕು.

"ಮನೆಯಲ್ಲಿ ಏನು ತಿಂತೀರ?" ಎಂದು ಕೇಳಿದೆ.

"ಇನ್ನೇನ್ ತಿಂತೀವಿ, ಮುದ್ದೆ, ಸೊಪ್ಪಿನ ಸಾರು, ಹುಳಿ ಅಂಬ್ಲಿ, ಮಜ್ಗೆ."

"ಇವಳೂ ಅದನ್ನೇ ತಿಂತಾಳಾ?"

"ಇವಳೆಂಗೆ ತಿಂತಾಳೆ? ಪಥ್ಯ ಅಲ್ವಾ ಅವಳ್ಗೆ! ಬರೀ ಬಿಳಿ ಅಕ್ಕಿ ಗಂಜಿ, ಉಪ್ಪು. ಈ ಕಾಲದಾಗೂ ಅವಳ್ಗೋಸ್ಕರ ಎಲ್ಲೆಲ್ಲಿಂದ್ಲೋ ಅಕ್ಕಿ ತರ್ತಾವ್ನೆ ನನ್ ಮಗ. ನಾವ್ಯಾರೂ ಅದನ್ನ ಮುಟ್ಟಲ್ಲ ಕಣಮ್ಮಾ."

ಕೆದಕಿ ಕೇಳಿದ ಮೇಲೆ ಕತೆ ಹೊರಗೆ ಬಂತು. ಹಿಂದಿನ ವರ್ಷದ ಮಳೆಗಾಲದಲ್ಲಿ ಆ ಕಡೆಯ ಹಳ್ಳಿಗಳಲ್ಲಿ ರಕ್ತಭೇದಿ ಎದ್ದಿತ್ತು. ಆಗಿನ್ನೂ ಮೊಲೆ ಕುಡಿಯುತ್ತಿದ್ದ ಈ ಮಗುವಿಗೆ ಬಂದು ಸಾಯುವ ಸ್ಥಿತಿಯಾಯಿತು. ಹಳ್ಳಿ ಹಳ್ಳಿ ಸುತ್ತುತ್ತಾ ಬಂದಿದ್ದ ಒಬ್ಬ ಸರ್ಕಾರಿ ಡಾಕ್ಟರು ತಾಯಿಗೂ ಮಗುವಿಗೂ ಹೊಸದಾಗಿ ಬಂದಿದ್ದ ಸಲ್ಫಾ ಮಾತ್ರೆ ಕೊಟ್ಟು, "ರಾಗಿ, ಸೊಪ್ಪು, ಮೊಸರು, ಮಜ್ಜಿಗೆ ಏನೂ ಬೇಡ, ಗಂಜಿ ಮಾತ್ರ" ಎಂದು ತಾಯಿಗೆ ಪಥ್ಯ ಹೇಳಿ ಮುಂದಿನ ಹಳ್ಳಿಗೆ ಹೋದರು. ಮಗು ಬದುಕಿತು. ಆ ಪುಣ್ಯಾತ್ಮರು ತಿರುಗಿ ಬರಲಿಲ್ಲ. ಸೈನ್ಯಕ್ಕೆ ಸೇರಿ ಸಮುದ್ರ ದಾಟಿದರಂತೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಪಥ್ಯ ಹೇಳಿದವರೇ ಬಂದು ಬಿಡಿಸಬೇಕು. ನಾಟಿ ವೈದ್ಯನಾದರೆ ದಿನ ಗೊತ್ತುಮಾಡಿ, ತಲೆಗೆ ಎಣ್ಣೆ ಹಾಕಿ ಮೀಯಿಸಿ, ತನ್ನ ಎದುರಿಗೇ ಮಜ್ಜಿಗೆ ಅನ್ನ ಉಣ್ಣಿಸಿ, "ಇವತ್ತಿಗೆ ಬಿಟ್ಟಿತು" ಎನ್ನುತ್ತಾನೆ. ಅಲ್ಲಿಯವರೆಗೆ ಯಾರೂ ಮುರಿಯುವುದಿಲ್ಲ. ಡಾಕ್ಟರುಗಳಾದ ನಮಗೆ ಹೇಳುವುದು ಗೊತ್ತು, ಬಿಡಿಸುವುದು ಗೊತ್ತಿಲ್ಲ. ಮಗು ಮುದ್ದೆ ತಿನ್ನುವಷ್ಟು ದೊಡ್ಡದಾಗಿತ್ತು. ತಾಯಿ ಇನ್ನೂ ಅದರ ಪಥ್ಯದಲ್ಲೇ ಇದ್ದಳು. ಅದು ಸಾಲದೆಂದು, ಹೊಟ್ಟೆ ಗುಡುಗುಟ್ಟಿದಾಗೆಲ್ಲ ಗಂಡ ಎಲ್ಲಿಂದಲೋ ಅದೇ ಬಿಳಿ ಮಾತ್ರೆ ತಂದು ನುಂಗಿಸುತ್ತಿದ್ದ.

ನಾನು ಹೆಮ್ಮೆಯಿಂದ ದೊಡ್ಡ ಡಾಕ್ಟರಿಗೆ ಎರಡು ಗಾಜುಗಳನ್ನೂ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು.

"ಹೊಟ್ಟೆಯ ಕ್ರಿಮಿಯಿಂದ ಹುಚ್ಚು ಅನ್ನುವ ಮಾತು ನಾವು ಓದುವ ಕಾಲಕ್ಕೇ ಮುಗಿಯಿತಮ್ಮಾ. ಆ ನಂಬಿಕೆಯಲ್ಲಿ ಪಾಪದ ರೋಗಿಗಳ ಹಲ್ಲು ಕಿತ್ತರು, ಕರುಳು ಕುಯ್ದರು. ಪೋದುಮ್ಮಾ, ಸಾಕು ಅದು."

"ನಾನು ಏನನ್ನೂ ಕುಯ್ಯುವುದಿಲ್ಲ ಸಾರ್. ಮಜ್ಜಿಗೆ ಕುಡಿಸುತ್ತೇನೆ."

"ಕುಡಿಸಿ. ಅದರಿಂದ ಯಾರೂ ಸಾಯುವುದಿಲ್ಲ," ಎಂದರು. ಅವರ ಎಚ್ಚರಿಕೆ ತಪ್ಪಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಸಲ್ಫಾ ಮಾತ್ರೆ ಕರುಳಿನ ಒಳ್ಳೆಯ ಕ್ರಿಮಿಗಳನ್ನೂ ಕೊಲ್ಲುತ್ತದೆ, ನಮಗೆ ಬೇಕಾದ ಕೆಲವು ಅನ್ನಾಂಗಗಳನ್ನು ತಯಾರಿಸುವುದು ಆ ಕ್ರಿಮಿಗಳೇ ಎಂಬ ಮಾತೂ ಆಗ ವೈದ್ಯರ ನಡುವೆ ಓಡಾಡುತ್ತಿತ್ತು. ಮಾತ್ರೆ ನಿಲ್ಲಿಸಿ, ಊಟ ಬದಲಾಯಿಸಿ ನೋಡುವುದರಲ್ಲಿ ನಷ್ಟವೇನು?

ಅದೇ ದಿನ ಆಸ್ಪತ್ರೆಯ ಮೊಸರನ್ನ ಬರೆದುಕೊಟ್ಟೆ. ಮಧ್ಯಾಹ್ನ ನೋಡಿದರೆ ತಟ್ಟೆ ಖಾಲಿ. ನನಗೋ ಸಂತೋಷ. ಮಾರನೆಯ ದಿನವೂ ಖಾಲಿ. ಮೂರನೆಯ ದಿನ ವಾರ್ಡಿನ ಆಯಾ ಬಂದು, "ಅಮ್ಮಾ, ಪಕ್ಕದ ಮಂಚದೋಳು ಎರಡೆರಡು ತಟ್ಟೆ ಉಣ್ತಾವ್ಳೆ," ಎಂದಳು.

ಸಿಟ್ಟು ನೆತ್ತಿಗೇರಿತು. ಮಂಚದ ಬಳಿ ನಿಂತು ಬಾಯಿಗೆ ಬಂದಂತೆ ಬೈದೆ. ನಿನಗಾಗಿ ನಾನು ಮೇಲಿನವರ ಹತ್ತಿರ ಬೇಡಿಕೊಂಡಿದ್ದೇನೆ, ನಿನಗೆ ಬದುಕುವ ಮನಸ್ಸಿದೆಯೋ ಇಲ್ಲವೋ ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆವತ್ತು ಅತ್ತೆ ಕಾಯಿಸಿ ತಂದ ಗಂಜಿಯನ್ನೂ ಮುಟ್ಟಲಿಲ್ಲ, ಮಾರನೆಯ ಬೆಳಿಗ್ಗೆಯೂ ಮುಟ್ಟಲಿಲ್ಲ. ಮ್ಯಾಜಿಸ್ಟ್ರೇಟರು ಕೂರುವ ದಿನ ಹತ್ತಿರವಾಗುತ್ತಿತ್ತು, ನಾನೋ ಇದ್ದದ್ದನ್ನೂ ಕೆಡಿಸಿ ಇಟ್ಟಿದ್ದೆ.

ಆಮೇಲೆ ಹೋಗಿ ಮಂಚದ ಅಂಚಿನಲ್ಲಿ ಸುಮ್ಮನೆ ಕೂತೆ. "ಯಾಕೆ ತಾಯಿ, ಮಜ್ಜಿಗೆ ಸೇರಲ್ಲವಾ?" ಎಂದೆ.

ಗೋಡೆಯ ಕಡೆಯಿಂದಲೇ ಉತ್ತರ ಬಂತು. ನಾನು ಕೇಳಿದ ಅವಳ ಮೊದಲ ಮಾತು ಅದು. "ಮಗೀಗೆ ಭೇದಿ ಆಯ್ತದೆ."

"ಮಗು ಚೆನ್ನಾಗಿದೆಯಲ್ಲ. ನಾನು ಡಾಕ್ಟರು ಹೇಳ್ತಾ ಇದ್ದೀನಿ, ಪಥ್ಯ ಸಾಕು."

"ನೀವು ಕೊಟ್ಟಿದ್ದಲ್ವಲ್ಲ."

ಅಷ್ಟೇ. ಇಷ್ಟು ದಿನ ಇವಳು ಗಂಜಿ ಕುಡಿದದ್ದು ಮಗುವಿನ ಜೀವ ಕಾಯುವುದಕ್ಕೆ. ಅದನ್ನು ಹಿಡಿದೇ ಬಾವಿಯ ಕಟ್ಟೆಯಿಂದ ತಿರುಗಿ ತಿರುಗಿ ಬಂದಿದ್ದಾಳೆ. ನಾನು ಅದನ್ನು ಬಿಡು ಎಂದು ಬೈದಿದ್ದೆ.

ಮನೆಗೆ ಹೋಗಿ ಉಣ್ಣಲು ಕೂತಾಗ ಅಮ್ಮ ಮಜ್ಜಿಗೆ ಬಡಿಸಲು ಬಂದರು. ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ ಇದ್ದದ್ದು, ನಾನು ಮತ್ತು ವಿಧವೆಯಾದ ನನ್ನ ಅಮ್ಮ. ತಟ್ಟೆಯ ಮೇಲೆ ಕೈಯಡ್ಡ ಹಿಡಿದು ಯೋಚಿಸಿದೆ. ಇವಳು ಮಗುವಿನ ಪಥ್ಯವನ್ನು ತಾನು ಹಿಡಿದಿದ್ದಾಳೆ. ಒಬ್ಬರದನ್ನು ಇನ್ನೊಬ್ಬರು ಹಿಡಿಯಬಹುದು ಎಂದ ಮೇಲೆ ಇವಳದನ್ನು ನಾನೇಕೆ ಹಿಡಿಯಬಾರದು?

ಮಾರನೆಯ ದಿನ ಅತ್ತೆ, ಗಂಡ ಇಬ್ಬರನ್ನೂ ಮಂಚದ ಬಳಿ ಕರೆದು ಅದನ್ನೇ ಕೇಳಿದೆ. "ಮುರಿಯೋದು ಬೇಡ. ನನಗೆ ಕೊಟ್ಟುಬಿಡಲಿ. ಇವಳ ಬದಲಿಗೆ ನಾನು ಇರ್ತೀನಿ. ಗಂಜಿ, ಉಪ್ಪು, ಅಷ್ಟೇ."

ಅತ್ತೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ನೀವು ಪ್ಯಾಟೆ ಜನ. ಕದ್ದು ಉಂಡ್ಬುಟ್ರೆ ನಮ್ಗೆಂಗ್ ಗೊತ್ತಾಯ್ತದೆ? ಆಗೋದು ನಮ್ಮ ಮಗೀಗಲ್ವಾ?"

"ಯಾವಾಗ ಬೇಕಾದರೂ ನಮ್ಮನೆಗೆ ಬಂದು ಪಾತ್ರೆ ತೆಗೆದು ನೋಡು."

ಅಷ್ಟರಲ್ಲಿ ಮಂಚದ ಮೇಲಿದ್ದವಳು ಎದ್ದು ಕೂತಳು. ಮುಟ್ಟದೆ ಇಟ್ಟಿದ್ದ ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು. ನಾನು ತೆಗೆದುಕೊಂಡು ಅಲ್ಲೇ ನಿಂತು ಕುಡಿದೆ. ತಣ್ಣಗೆ, ಸಪ್ಪೆ ಸಪ್ಪೆ. ಇಷ್ಟು ತಿಂಗಳು ಇವಳು ಇದನ್ನೇ ಕುಡಿದಳೇ ಎನಿಸಿ ಕಣ್ಣಲ್ಲಿ ನೀರು ಬಂತು.

ಸಂಜೆ ಗಂಡ ಊರಿಗೆ ಹೋಗಿ, ಮಾರನೆಯ ದಿನ ಮನೆಯ ಮೊಸರಿನ ಗಡಿಗೆ, ಹುಳಿ ಅಂಬಲಿಯ ಗಡಿಗೆ ಎರಡನ್ನೂ ತಂದ. ಆಸ್ಪತ್ರೆಯ ಮೊಸರು ಬೇಡ, ಅವರ ಮನೆಯ ಹೆಪ್ಪೇ ಬರಲಿ ಎಂದು ನಾನೇ ಹೇಳಿದ್ದೆ. ಅತ್ತೆ ಸೊಸೆಯ ತಲೆಗೆ ಎಣ್ಣೆ ಹಾಕಿ, ಬಿಸಿನೀರು ಹುಯ್ದು, ಮೊದಲ ಗುಟುಕು ಅಂಬಲಿ ಕುಡಿಸಿದಳು. ಸೊಸೆ ಕಣ್ಣು ಮುಚ್ಚಿಕೊಂಡು ನುಂಗಿದಳು. ಆಮೇಲೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದೆವು. ಅಂಬಲಿ, ನೀರು ಮಜ್ಜಿಗೆ, ಬೇಯಿಸಿದ ಸೊಪ್ಪು, ಆಮೇಲೆ ಮುದ್ದೆ.

ಎಲ್ಲ ಸುಸೂತ್ರವಾಗಿ ನಡೆಯಿತು ಎಂದುಕೊಳ್ಳಬೇಡಿ. ಅಷ್ಟು ದಿನ ಗಂಜಿಯಲ್ಲಿದ್ದ ಕರುಳು ಮೊದಲ ವಾರದಲ್ಲಿ ಎಗರಾಡಿತು. ಹೊಟ್ಟೆಯುಬ್ಬರ, ಭೇದಿ. ಗಂಡ ಬಿಳಿ ಮಾತ್ರೆಯ ಡಬ್ಬಿ ಹಿಡಿದುಕೊಂಡು ಬಂದ; ಕಿತ್ತು ನನ್ನ ಮೇಜಿನಲ್ಲಿಟ್ಟು ಬೀಗ ಹಾಕಿದೆ. ಸಕ್ಕರೆ ಉಪ್ಪಿನ ನೀರು ಕುಡಿಸಿ, ಅಂಬಲಿ ತೆಳ್ಳಗೆ ಮಾಡಿಸಿ ಕಾದೆ. ಹೊಟ್ಟೆ ಇಳಿಯುತ್ತಾ ಬಂತು ಎನ್ನುವಷ್ಟರಲ್ಲಿ ಮಗುವಿಗೆ ಜ್ವರ ಬಂತು.

ಮಗುವಿನ ಹೊಟ್ಟೆ ಮೆತ್ತಗಿತ್ತು, ಮಲ ಸರಿಯಿತ್ತು. ಕಿವಿ ನೋಡಿದರೆ ಒಳಗೆ ಕೆಂಪಾಗಿತ್ತು. ಚಳಿಗಾಲದ ನೆಗಡಿ ಕಿವಿಗೆ ಇಳಿದಿತ್ತು, ಅಷ್ಟೇ. ಅಷ್ಟೇ ಎಂದು ಹೇಳಿದರೆ ಕೇಳುವವರು ಯಾರು? ಸೊಸೆ ಅಂಬಲಿಯ ಬಟ್ಟಲು ದೂರ ತಳ್ಳಿ ಮತ್ತೆ ಗೋಡೆಗೆ ತಿರುಗಿದಳು. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ ಎದ್ದು ಹೋದಳು.

ಅವಳು ಹೋದದ್ದು ನೇರವಾಗಿ ನಮ್ಮ ಮನೆಗೆ. ಹಿಂದೆಯೇ ನಾನೂ ಓಡಿದೆ. ಆವತ್ತು ಸಂಕ್ರಾಂತಿ. ಅಮ್ಮ ಬೆಳಿಗ್ಗೆಯಿಂದ ಅವರೇಕಾಳಿನ ಹುಳಿ, ಮೊಸರನ್ನ ಎಂದೆಲ್ಲ ಘಮಘಮ ಅನ್ನಿಸಿದ್ದರು. "ಹಬ್ಬದ ದಿನ ಒಂದು ತುತ್ತು ತಿಂದರೆ ಯಾರು ಬಂದು ನೋಡ್ತಾರೆ?" ಎಂದು ನನ್ನ ಪ್ರಾಣ ತಿಂದಿದ್ದರು. ನಿಜ ಹೇಳುತ್ತೇನೆ, ಸೊಗಡು ಅವರೆಯ ವಾಸನೆಗೆ ತಟ್ಟೆ ಕೈಗೆತ್ತಿಕೊಂಡಿದ್ದೆ. ಯಾವ ದೇವರು ತಡೆದನೋ ಕಾಣೆ, ಕೆಳಗಿಟ್ಟು ಗಂಜಿ ಕುಡಿದು ಆಸ್ಪತ್ರೆಗೆ ಹೋಗಿದ್ದೆ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಡಾಕ್ಟ್ರಮ್ಮನ ತಟ್ಟೆ ಯಾವ್ದು ತಾಯಿ?" ಎಂದಳು. ಮಡಿಯಲ್ಲಿದ್ದ ಅಮ್ಮ ಬೆಪ್ಪಾಗಿ, ಬಚ್ಚಲ ಬಳಿ ತೊಳೆಯಲು ಇಟ್ಟಿದ್ದ ನನ್ನ ತಟ್ಟೆ ತೋರಿಸಿದರು. ಗಂಜಿ ಒಣಗಿ ಬೆಳ್ಳಗೆ ಹತ್ತಿಕೊಂಡಿತ್ತು. ಅತ್ತೆ ಬೆರಳಲ್ಲಿ ಕೆರೆದು ಮೂಸಿ ನೋಡಿದಳು.

"ಹಬ್ಬದ ದಿನಾನೂವಾ?" ಎಂದಳು ನನ್ನ ಕಡೆ ತಿರುಗಿ.

"ಹಬ್ಬದ ದಿನವೂ."

ಅವಳ ಮುಖ ಸಡಿಲವಾಯಿತು. "ಹಂಗಾರೆ ಕಿವಿನೇ ಇರಬೌದು," ಎಂದಳು. ವಾರ್ಡಿಗೆ ಹಿಂತಿರುಗಿ ಸೊಸೆಯ ಭುಜ ಹಿಡಿದು ತಿರುಗಿಸಿ, "ಏಳಮ್ಮಿ, ಕುಡಿ. ಆಯಮ್ಮ ಹಬ್ಬದಾಗೂ ಗಂಜಿ ಕುಡಿದವ್ರೆ, ನಾನೇ ಕಣ್ಣಾರೆ ನೋಡ್ದೆ," ಎಂದಳು. ಮಗುವಿನ ಕಿವಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟೆವು. ಕೀವು ಸೋರಿತು, ಜ್ವರ ಇಳಿಯಿತು.

ಅಲ್ಲಿಂದ ಮುಂದೆ ನಿಧಾನವಾಗಿ ಬದಲಾವಣೆ ಕಂಡಿತು. ಆಗಾಗ ಗಾಜಿಗೆ ಬಣ್ಣ ಹಾಕಿ ನೋಡುತ್ತಿದ್ದೆ. ನೇರಳೆ ಕಡ್ಡಿಗಳು ಮೊದಲು ಬಂದವು, ಬರಬರುತ್ತಾ ಬೇರೆ ಬೇರೆ ಆಕಾರದವು ಸೇರಿಕೊಂಡವು. ತುಟಿಯ ಅಂಚು ಮಾಗಿತು. ಆದರೂ ಅವಳ ಮುಖದಲ್ಲಿ ಏನೂ ಕಾಣದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮ್ಯಾಜಿಸ್ಟ್ರೇಟರು ಕೂರುವ ದಿನವೂ ಬಂದುಹೋಯಿತು. ದೊಡ್ಡ ಡಾಕ್ಟರ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಬೇಡಿಕೊಂಡು ಇನ್ನೊಂದು ಸಲದವರೆಗೆ ಮುಂದಕ್ಕೆ ಹಾಕಿಸಿದೆ. "ಇದೇ ಕೊನೆ," ಎಂದರು.

ಒಂದು ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಅತ್ತೆ ವರಾಂಡದಲ್ಲೇ ನನ್ನನ್ನು ಹಿಡಿದಳು. ಕಣ್ಣು ತುಂಬಿದ್ದವು. ಏನಾಯಿತೋ ಎಂದು ಹೆದರಿದೆ.

"ಜಗಳ ಆಡಿದ್ಳು ಕಣಮ್ಮಾ!"

"ಯಾರು?"

"ನನ್ ಸೊಸೆ! ಸಾರಿಗೆ ಉಪ್ಪು ಸಾಲ್ದು, ನಿನ್ನ ಕೈಗೇನ್ ಬಂದೈತೆ ಅಂದ್ಳು! ನಂಗೇ ಅಂದ್ಳು! ವರ್ಸ ಆಗಿತ್ತು ಕಣಮ್ಮಾ ಅವಳ ಬಾಯಲ್ಲಿ ಬೈಸ್ಕಂಡು."

ಬೈಸಿಕೊಂಡಿದ್ದಕ್ಕೆ ಅಷ್ಟು ಆನಂದಪಟ್ಟ ಅತ್ತೆಯನ್ನು ನಾನು ಅದಕ್ಕೆ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ. ಒಳಗೆ ಹೋದರೆ ಸೊಸೆ ಮಗುವಿನ ತಲೆ ಬಾಚುತ್ತಿದ್ದಳು. ಮಗು ಕೊಸರಾಡಿದ್ದಕ್ಕೆ ಬೆನ್ನ ಮೇಲೊಂದು ಸಣ್ಣ ಏಟು ಹಾಕಿದಳು. ನಾನು ಅಲ್ಲಿಂದ ಸೀದಾ ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಅವರು ಬಂದು ಬಹಳ ಹೊತ್ತು ಅವಳನ್ನು ಮಾತಾಡಿಸಿದರು. ಸರ್ಟಿಫಿಕೇಟನ್ನು ತಾವೇ ಹರಿದರು.

"ಮಜ್ಜಿಗೆಯಿಂದ ಅಂತೀರಾ?" ಎಂದರು.

"ಗೊತ್ತಿಲ್ಲ ಸಾರ್."

ಇವತ್ತಿಗೂ ಗೊತ್ತಿಲ್ಲ. ಕ್ರಿಮಿಗಳು ತಿರುಗಿ ಮನೆ ಮಾಡಿದ್ದರಿಂದಲೋ, ಸೊಪ್ಪು ರಾಗಿಯ ಅನ್ನಾಂಗದಿಂದಲೋ, ಮಾತ್ರೆ ನಿಂತದ್ದರಿಂದಲೋ, ಹೊತ್ತಿದ್ದ ಭಾರವನ್ನು ಇನ್ನೊಬ್ಬಳ ಕೈಗಿಟ್ಟದ್ದರಿಂದಲೋ! ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿದ್ದೆ. ಯಾವುದು ಕೆಲಸ ಮಾಡಿತು ಎಂದು ಹೇಳುವ ಹಕ್ಕು ನನಗಿಲ್ಲ. ಒಬ್ಬಳ ಮೇಲೆ ಕಂಡದ್ದನ್ನು ಹತ್ತು ಜನರ ಮೇಲೆ ಹೇಳಲೂ ಬಾರದು. ಹೊಟ್ಟೆ ಬೇರೆ, ತಲೆ ಬೇರೆ ಎಂದು ಆಮೇಲೆ ನಾನು ಯಾವ ರೋಗಿಯನ್ನೂ ನೋಡಲಿಲ್ಲ ಎನ್ನುವುದು ಮಾತ್ರ ನಿಜ.

ಅವರು ಗಾಡಿ ಕಟ್ಟಿಕೊಂಡು ಊರಿಗೆ ಹೋದರು. ಹೋಗುವ ಗಡಿಬಿಡಿಯಲ್ಲಿ ಯಾರಿಗೂ ನನ್ನ ಗಂಜಿ ನೆನಪಾಗಲಿಲ್ಲ. ನಾನೂ ಬಾಯಿಬಿಡಲಿಲ್ಲ. ಅಮ್ಮ ಆವತ್ತೇ ಮೊಸರು ಮುಂದಿಟ್ಟು, "ಇನ್ನಾದರೂ ತಿನ್ನೇ," ಎಂದರು. ತಿನ್ನಬಹುದಿತ್ತು. ಓದಿದವಳು, ಡಾಕ್ಟರು. ಆದರೆ ಕೈ ಹೋಗಲಿಲ್ಲ. ಆ ಮಗುವಿಗೆ ನಾಳೆ ನಿಜವಾಗಿಯೇ ಭೇದಿಯಾದರೆ? ಅವರು ಕೇಳಿದರೆ ಏನು ಹೇಳಲಿ ಎಂಬುದು ಹೊರಗಿನ ಮಾತು. ಒಳಗೆ ನನಗೇ ಭಯವಾಗಿತ್ತು. ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ ನೋಡೋಣ ಎಂದು ಮುಂದೂಡುತ್ತಾ ಬಂದೆ.

ಆ ದಿನಗಳಲ್ಲಿ ನಾನು ಹೇಗಿದ್ದೆ ಎಂದು ಆಮೇಲೆ ಅಮ್ಮ ಹೇಳುತ್ತಿದ್ದರು. ಸಿಡುಕು ಮೊದಲು ಬಂತಂತೆ, ಅದು ಹೊಸದೇನಲ್ಲ. ಆಮೇಲೆ ಸಿಡುಕೂ ಹೋಯಿತಂತೆ. ಆಯಾ ಗಾಜಿನ ಸಾಮಾನು ಒಡೆದರೆ ಸುಮ್ಮನೆ ನೋಡುತ್ತಾ ನಿಂತೆನಂತೆ. ಬೆಳಿಗ್ಗೆ ಏಳುವುದೇ ಬೇಡವೆನಿಸುತ್ತಿದ್ದದ್ದು ನನಗೂ ನೆನಪಿದೆ. ಕೆಲಸ ಹೆಚ್ಚಾಗಿ ದಣಿದಿದ್ದೇನೆ ಎಂದುಕೊಂಡಿದ್ದೆ. ಡಾಕ್ಟರಾದವಳಿಗೆ ತನ್ನ ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕೆಂದು ಹೊಳೆಯಲಿಲ್ಲ ನೋಡಿ.

ಯುಗಾದಿಯ ಆಸುಪಾಸು. ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಕಂಕುಳಲ್ಲಿ ಮಗು, ತಲೆಯ ಮೇಲೊಂದು ಗಡಿಗೆ ಹೊತ್ತು ಒಬ್ಬ ಹೆಂಗಸು ಗೇಟು ತಳ್ಳಿಕೊಂಡು ಬಂದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು, ಅಷ್ಟು ಮೈ ತುಂಬಿಕೊಂಡಿದ್ದಳು.

"ಸಂತೆಗೆ ಬಂದಿದ್ವಿ ಅಮ್ಮಾ. ಒಸಿ ನೋಡ್ಕಂಡ್ ಹೋಗನಾ ಅಂತ," ಎನ್ನುತ್ತಾ ಗಡಿಗೆ ಇಳಿಸಿದಳು. ಆಮೇಲೆ ನನ್ನ ಮುಖ ನೋಡಿ ಹತ್ತಿರ ಬಂದಳು. "ಯಾಕ್ರಮ್ಮಾ ಮೊಕ ಇಂಗೆ ಬಾಡೋಗೈತೆ?"

"ಏನಿಲ್ಲ, ದಣಿವು."

ಅವಳು ನನ್ನನ್ನೇ ನೋಡುತ್ತಾ ನಿಂತಳು. ಅದು ಎಂಥ ಮುಖವೆಂದು ಅವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಹಿತ್ತಲ ಬಾಗಿಲಲ್ಲಿದ್ದ ಅಮ್ಮನ ಕಡೆ ತಿರುಗಿ ಕೇಳಿದಳು: "ಇನ್ನೂ ಗಂಜಿನಾ?"

"ಇನ್ನೂ ಗಂಜಿಯೇ ಕಣಮ್ಮಾ," ಎಂದರು ಅಮ್ಮ, ಅಳುವ ದನಿಯಲ್ಲಿ. "ಹೇಳಿದರೆ ಕೇಳೋದಿಲ್ಲ."

"ಅಯ್ಯೋ ನನ್ನವ್ವಾ!" ಅವಳು ಕುಸಿದು ನನ್ನ ಪಕ್ಕದಲ್ಲಿ ಕೂತಳು. "ಬುಟ್ಟಿರ್ತೀರ ಅಂದ್ಕಂಡಿದ್ದೆ ಕಣಮ್ಮಾ. ನಿಮ್ಗೆ ಕೊಟ್ಟೋಳು ನಾನಲ್ವಾ? ನಾನಲ್ವಾ ಬಂದು ಬುಡಿಸ್ಬೇಕಾಗಿದ್ದು?"

ಮಗುವನ್ನು ಕೆಳಗಿಳಿಸಿದಳು. ಅಮ್ಮನಿಂದ ಒಂದು ಲೋಟ ಇಸಿದುಕೊಂಡು ಗಡಿಗೆಯ ಮಜ್ಜಿಗೆ ಹುಯ್ದು, ಮೊದಲು ಮಗುವಿಗೆ ಒಂದು ಗುಟುಕು ಕುಡಿಸಿದಳು, ಆಮೇಲೆ ತಾನು ಕುಡಿದಳು. ಅದೇ ಲೋಟವನ್ನು ಮತ್ತೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ನನಗೆ ಚಾಚಿದಳು. "ಇವತ್ತಿಗೆ ಬುಡ್ತು ಅಮ್ಮಾ. ಮಗೀದೂ, ನಂದೂ, ನಿಮ್ದೂ."

ಎಂಜಲು, ಮೈಲಿಗೆ ಎಂದು ಒಂದು ಹನಿಗೂ ರೇಗುವ ನನ್ನ ಅಮ್ಮ ಏನೂ ಅನ್ನಲಿಲ್ಲ. ನಾನು ಕುಡಿದೆ. ಹುಳಿ ಗಂಟಲಲ್ಲಿ ಇಳಿಯುವಾಗ ಕಣ್ಣೀರು ಧಾರೆಯಾಗಿ ಬಂತು, ಒರೆಸಿಕೊಳ್ಳಲೂ ಇಲ್ಲ. ಲೋಟ ಖಾಲಿ ಮಾಡಿ ಕೆಳಗಿಟ್ಟೆ.

"ಹೆಂಗೈತಮ್ಮಾ?"

"ಉಪ್ಪು ಸಾಲದು," ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟಳು. ಅವಳು ನಗುವುದನ್ನು ನಾನು ನೋಡಿದ್ದು ಆವತ್ತೇ ಮೊದಲು. "ಹಂಗಾದ್ರೆ ವಾಸಿಯಾಯ್ತದೆ ಬುಡಿ ಡಾಕ್ಟ್ರಮ್ಮಾ," ಎಂದು ಇನ್ನೊಂದು ಲೋಟ ಹುಯ್ದಳು.